ಡಲ್ಲಾಸಿನಲ್ಲಿ ಪೆಟ್ರೋಲ್ ಅಗ್ಗ ಹೌದು, ತಿಂಗಳ ಬಿಲ್ಲು ಕೇಳಿದ್ದೀರಾ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದಲ್ಲಿರುವ ನಿವೃತ್ತ ಶಿಕ್ಷಕ. ಮನೆಯಲ್ಲಿ 2011ರ ಚಿಕ್ಕ ಪೆಟ್ರೋಲ್ ಕಾರು ಮತ್ತು ಒಂದು ಬೈಕ್ ಇವೆ. ಕಾರು ತಿಂಗಳಿಗೆ ಸುಮಾರು 700 ಕಿ.ಮೀ., ಬೈಕ್ 500 ಕಿ.ಮೀ. ಓಡುತ್ತವೆ. ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಪೆಟ್ರೋಲ್ ನಮಗಿಂತ ಅಗ್ಗವಂತೆ, ಮನೆಗೆರಡು ದೊಡ್ಡ ಗಾಡಿಯಂತೆ. "ಅಪ್ಪಾ, ಆ ಡಬ್ಬಿ ಮಾರಿ ದೊಡ್ಡ ಎಸ್‌ಯುವಿ ತಗೋ, ರೊಕ್ಕ ನಾ ಕೊಡ್ತೀನಿ" ಎಂದು ಬೆನ್ನು ಹತ್ತಿದ್ದಾನೆ. ಬಡವರ ದೇಶದಲ್ಲಿ ಪೆಟ್ರೋಲ್ ತುಟ್ಟಿ, ಶ್ರೀಮಂತರ ದೇಶದಲ್ಲಿ ಅಗ್ಗ, ಇದ್ಯಾವ ನ್ಯಾಯ? ದೊಡ್ಡ ಗಾಡಿ ತೆಗೆದುಕೊಂಡರೆ ನನ್ನ ಪಿಂಚಣಿ ತಾಳುತ್ತದೆಯೇ? ಎಥೆನಾಲ್ ಬೆರೆಸಿದ ಮೇಲೆ ಗಾಡಿಗಳ ಆವರೇಜ್ ಬಿದ್ದಿದೆ ಎನ್ನುತ್ತಾರೆ, ಅದೂ ನಿಜವೇ?

ಉತ್ತರ: ಗುರುಗಳೇ, ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಆಮೇಲೆ ನಾನೇ ತಿಂದ ಪೆಟ್ಟು ನೆನಪಾಗಿ ನಗು ನಿಂತಿತು. 2012ರಲ್ಲಿ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕಿದ್ದೆ. ಆಗ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ಆಸುಪಾಸು ಅಂತರ. ಶೆಡ್ಡಿನ ಹೊರಗೆ ಚಹಾಕ್ಕೆ ನಿಂತಾಗಲೆಲ್ಲ ಒಂದೇ ಮಾತು: "ಡೀಸೆಲ್ ತಗೋರಿ ಸಾಹೇಬ್ರ, ಪುಕ್ಕಟ ಓಡಿದಂಗ." ನಾನೂ ಏಳು ಸೀಟಿನ ಡೀಸೆಲ್ ಗಾಡಿ ತಂದೆ. ಮೆಕ್ಯಾನಿಕಲ್ ಓದಿದವನು, ಲೆಕ್ಕ ಬರುತ್ತದೆ ಎಂಬ ಜಂಬ ಬೇರೆ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟಿತು. ಪೆಟ್ರೋಲನ್ನು 2010ರಲ್ಲೇ ಬಿಟ್ಟಾಗಿತ್ತು. ವರ್ಷ ಕಳೆದಂತೆ ಅಂತರ ಕರಗಿತು. ಏಳು ಸೀಟುಗಳು ತುಂಬಿದ್ದು ವರ್ಷಕ್ಕೆ ನಾಲ್ಕು ಸಲ: ಎರಡು ಮದುವೆ, ಒಂದು ಸವದತ್ತಿ ಎಲ್ಲಮ್ಮ, ಒಂದು ಪಂಢರಪುರ. ಉಳಿದ ದಿನವೆಲ್ಲ ಆ ದೊಡ್ಡ ಗಾಡಿ ನನ್ನೊಬ್ಬನನ್ನು ಮತ್ತು ನನ್ನ ಊಟದ ಡಬ್ಬಿಯನ್ನು ಹೊತ್ತು ತಿರುಗಿತು.

ಪೆಟ್ರೋಲ್ ಖರ್ಚಿಗೆ ನಾವು ಸಹಿ ಹಾಕುವುದು ಶೋರೂಮಿನಲ್ಲಿ. ಪಂಪಿನಲ್ಲಿ ಕಟ್ಟುವುದು ಅದರ ಕಂತು. ಇದು ನಿಮ್ಮ ಮನೆಗೆ ಎಷ್ಟು ನಿಜವೋ ದೇಶಗಳಿಗೂ ಅಷ್ಟೇ ನಿಜ. ಆದ್ದರಿಂದ ಮೊದಲು ಡಲ್ಲಾಸಿಗೆ ಹೋಗಿಬರೋಣ.

ಅಮೆರಿಕದಲ್ಲಿ ಪೆಟ್ರೋಲ್ ಅಳೆಯುವುದು ಗ್ಯಾಲನ್ನಿನಲ್ಲಿ, ಒಂದು ಗ್ಯಾಲನ್ ಎಂದರೆ 3.785 ಲೀಟರ್. ಗ್ಯಾಲನ್ನಿಗೆ 3 ಡಾಲರ್, ಡಾಲರಿಗೆ 88 ರೂಪಾಯಿ ಎಂದು ಹಿಡಿಯಿರಿ. ಲೀಟರಿಗೆ 70 ರೂಪಾಯಿ ಬೀಳುತ್ತದೆ. ನಮ್ಮಲ್ಲಿ 103 ಎಂದಿಟ್ಟುಕೊಳ್ಳೋಣ. ಅಲ್ಲಿಗೆ ನಿಮ್ಮ ಮಗ ಹೇಳಿದ್ದು ಸರಿ. ಆದರೆ ಆತ ಅರ್ಧ ಲೆಕ್ಕ ಮಾತ್ರ ಹೇಳಿದ್ದಾನೆ. ಅಮೆರಿಕದ ಸರಾಸರಿ ಚಾಲಕ ವರ್ಷಕ್ಕೆ ಸುಮಾರು 13,500 ಮೈಲು ಗಾಡಿ ಓಡಿಸುತ್ತಾನೆ, ಅಂದರೆ ತಿಂಗಳಿಗೆ 1,800 ಕಿ.ಮೀ. ಅಲ್ಲಿನ ಜನಪ್ರಿಯ ದೊಡ್ಡ ಪಿಕಪ್ ಗಾಡಿ ಗ್ಯಾಲನ್ನಿಗೆ 20 ಮೈಲು ಕೊಟ್ಟರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಎಂಟೂವರೆ ಕಿ.ಮೀ. ಆಯಿತು. ತಿಂಗಳಿಗೆ 212 ಲೀಟರ್, ಹತ್ತಿರ ಹತ್ತಿರ 15 ಸಾವಿರ ರೂಪಾಯಿ. ಇದು ಒಬ್ಬರ ಲೆಕ್ಕ. ಸೊಸೆಗೂ ಒಂದು ಗಾಡಿ ಇದ್ದರೆ ಇದರ ಎರಡರಷ್ಟು. ನೀವು ತುಟ್ಟಿ ಪೆಟ್ರೋಲ್ ಹಾಕಿಸಿಕೊಂಡು ಕಾರು, ಬೈಕ್ ಎರಡಕ್ಕೂ ಸೇರಿ ಎಷ್ಟು ಕೊಡುತ್ತೀರಿ? ಕಾರು ಲೀಟರಿಗೆ 16, ಬೈಕ್ 55 ಕೊಡುತ್ತವೆ ಎಂದರೆ ತಿಂಗಳಿಗೆ 53 ಲೀಟರ್, ಸುಮಾರು 5,450 ರೂಪಾಯಿ.

ಲೀಟರ್ ಅಗ್ಗವಾದ ಊರಿನಲ್ಲಿ ಬಿಲ್ಲು ದೊಡ್ಡದು. ಎಣ್ಣೆ ಅಗ್ಗವಿದ್ದಲ್ಲಿ ಗಾಡಿ ಉಬ್ಬುತ್ತದೆ, ಮನೆ ಊರಿಂದ ದೂರ ಸರಿಯುತ್ತದೆ, ಹಾಲಿನ ಪಾಕೀಟಿಗೂ ಕಾರು ತೆಗೆಯಬೇಕಾಗುತ್ತದೆ. ಆಮೇಲೆ ಬೆಲೆ ಏರಿದರೂ ಓಡಾಟ ಕಡಿಮೆ ಮಾಡುವಂತಿಲ್ಲ. ಕಚೇರಿ ಅಲ್ಲೇ ಇರುತ್ತದೆ, ಮನೆ ಇಲ್ಲೇ ಇರುತ್ತದೆ.

ಹಾಗಂತ ಅವರು ಕಷ್ಟದಲ್ಲಿದ್ದಾರೆ ಎಂದೂ ತಿಳಿಯಬೇಡಿ. ದುಡಿಮೆಯ ಪಕ್ಕ ಇಟ್ಟು ನೋಡಿದರೆ ಬೆಲೆಯ ಮುಖವೇ ಬೇರೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್, ಟೆಕ್ಸಾಸಿನಲ್ಲಿ ನಡೆಯುವುದೂ ಅದೇ. ಎಂಟು ಗಂಟೆ ದುಡಿದವನ ಕೈಗೆ 58 ಡಾಲರ್, ಅದರಲ್ಲಿ 73 ಲೀಟರ್ ಪೆಟ್ರೋಲ್ ಬರುತ್ತದೆ. ನಮ್ಮಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅದಕ್ಕೆ ಮೂರೂವರೆ ಲೀಟರ್. ನ್ಯಾಯ ಎಲ್ಲಿದೆ ಎಂದು ನೀವು ಕೇಳಿದ್ದಕ್ಕೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ.

ಆದರೆ "ಶ್ರೀಮಂತ ದೇಶದಲ್ಲಿ ಅಗ್ಗ" ಎನ್ನುವುದು ಅಮೆರಿಕ ನೋಡಿ ಹುಟ್ಟಿದ ಮಾತು. ಕಚ್ಚಾ ತೈಲ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದರಕ್ಕೆ ಸಿಗುತ್ತದೆ. ಪಂಪಿನ ಬೆಲೆಯಲ್ಲಿ ಕಾಣುವ ವ್ಯತ್ಯಾಸದ ದೊಡ್ಡ ಪಾಲು ತೆರಿಗೆಯದು. ಅಮೆರಿಕದ ಕೇಂದ್ರ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಒಂದು ಸೆಂಟೂ ಏರಿಲ್ಲ. ಟೆಕ್ಸಾಸ್ ರಾಜ್ಯದ್ದು 20 ಸೆಂಟ್. ಎರಡೂ ಸೇರಿ ಲೀಟರಿಗೆ ಒಂಬತ್ತು ರೂಪಾಯಿ ಅನ್ನಿ. ಇಂಗ್ಲೆಂಡಿನಲ್ಲಿ 2022ರಲ್ಲಿ ಸುಂಕ ಇಳಿಸಿ ಲೀಟರಿಗೆ 52.95 ಪೆನ್ಸ್ ಮಾಡಿದರು. ಇಳಿಸಿದ ಮೇಲೂ ಸುಂಕವೊಂದೇ 60 ರೂಪಾಯಿ! ಅದರ ಮೇಲೆ ಶೇ. 20ರಷ್ಟು ವ್ಯಾಟ್. ನಮ್ಮದು ನಡುವೆ ಎಲ್ಲೋ ಇದೆ: 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಏರಿಸಿದಾಗ ಕೇಂದ್ರದ ಅಬಕಾರಿ ಸುಂಕ ಪೆಟ್ರೋಲಿಗೆ 21.90 ರೂಪಾಯಿ ಆಯಿತು. ಕರ್ನಾಟಕದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 25.92ರಿಂದ 29.84ಕ್ಕೆ ಏರಿಸಿದರು.

ರಾಜ್ಯದ ಗಡಿ ದಾಟಿದರೆ ಬೆಲೆ ಬೇರೆಯಾಗುವುದು ಇದೇ ಕಾರಣಕ್ಕೆ. ಗೋವಾದಲ್ಲಿ ಲೀಟರಿಗೆ ಆರೇಳು ರೂಪಾಯಿ ಕಡಿಮೆ ಎಂಬುದು ಬೆಳಗಾವಿಯಲ್ಲಿ ಮಕ್ಕಳಿಗೂ ಗೊತ್ತು. ನನ್ನ ನೆರೆಯವರೊಬ್ಬರು ಭಾನುವಾರ ಚೋರ್ಲಾ ಘಾಟ್ ಇಳಿದು ಟಾಕಿ ಫುಲ್ ಮಾಡಿಸಿ, ಒಂದು ಚಹಾ ಕುಡಿದು, ಗೆದ್ದ ಖುಷಿಯಲ್ಲಿ ವಾಪಸ್ ಬರುತ್ತಾರೆ. ಅವರ ಕಾರಿನ ಟಾಕಿ 35 ಲೀಟರ್. ಉಳಿದದ್ದು ಹೆಚ್ಚೆಂದರೆ 245 ರೂಪಾಯಿ. ಹೋಗಿಬರಲು ಹತ್ತಿರ ಹತ್ತಿರ 120 ಕಿ.ಮೀ., ಏಳೂವರೆ ಲೀಟರ್ ಸುಟ್ಟಿತು, ಅದು 770 ರೂಪಾಯಿ. "ಹವಾ ಬದಲಾತು ಬಿಡ್ರಿ" ಎಂದು ಅವರು ನಗುತ್ತಾರೆ. ಆ ಉತ್ತರಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಸಿಂಗಪುರದವರಿಗೂ ಇದೇ ಚಟ. ಸೇತುವೆ ದಾಟಿದರೆ ಮಲೇಷ್ಯಾ, ಅಲ್ಲಿ ಪೆಟ್ರೋಲ್ ಬಹಳ ಅಗ್ಗ. ಅದಕ್ಕೇ ಸಿಂಗಪುರ ಸರ್ಕಾರ 1989ರಲ್ಲಿ ಒಂದು ಕಾಯಿದೆ ಮಾಡಿತು: ದೇಶ ಬಿಟ್ಟು ಹೋಗುವ ಸಿಂಗಪುರದ ಕಾರಿನ ಟಾಕಿ ಅರ್ಧವಾದರೂ ತುಂಬಿರಬೇಕು. ಅದೂ ಸಾಲದೆ 1991ರಲ್ಲಿ ಮುಕ್ಕಾಲಿಗೆ ಏರಿಸಿದರು. ಗಡಿಯಲ್ಲಿ ಮುಳ್ಳು ನೋಡುತ್ತಾರೆ, ಕಡಿಮೆ ಇದ್ದರೆ ದಂಡ. ಚೋರ್ಲಾದಲ್ಲಿ ಇಂಥ ಕಾಯಿದೆ ಬಂದರೆ ನಮ್ಮ ನೆರೆಯವರ ಭಾನುವಾರ ಹಾಳು.

ಇನ್ನು ಗಾಡಿಯ ಗಾತ್ರ. ಇದನ್ನು ಜನರ ರುಚಿ, ಅಂತಸ್ತು ಎಂದುಕೊಳ್ಳುತ್ತೇವೆ. ಹತ್ತಿರ ಹೋಗಿ ನೋಡಿದರೆ ಪ್ರತಿ ದೇಶದ ಗಾಡಿಯನ್ನೂ ಯಾವುದೋ ಒಂದು ಕಾಯಿದೆ ಕೊಯ್ದು ಹೊಲಿದಿರುತ್ತದೆ.

ಅಮೆರಿಕದ್ದೇ ತಗೊಳ್ಳಿ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು 12ರ ಹತ್ತಿರ ಹೋಯಿತು. ಬೆದರಿದ ಸರ್ಕಾರ 1975ರಲ್ಲಿ ಕಂಪನಿಗಳಿಗೆ ಕಡ್ಡಾಯ ಮೈಲೇಜ್ ಗುರಿ ಹಾಕಿತು. ಆದರೆ ಕಾರಿಗೆ ಒಂದು ಗುರಿ, ರೈತರೂ ಗುತ್ತಿಗೆದಾರರೂ ಬಳಸುವ ಲಘು ಟ್ರಕ್ಕಿಗೆ ಇನ್ನೊಂದು ಸಡಿಲ ಗುರಿ. ಬಾಗಿಲು ಅಷ್ಟು ತೆರೆದಿದ್ದರೆ ಕಂಪನಿಗಳು ಸುಮ್ಮನಿರುತ್ತವೆಯೇ? ಮನೆಮಂದಿ ಓಡಾಡುವ ಗಾಡಿಯನ್ನೇ ಟ್ರಕ್ಕಿನ ಲೆಕ್ಕಕ್ಕೆ ಸೇರುವಂತೆ ಕಟ್ಟಿದವು. ಎಸ್‌ಯುವಿ ಮನೆ ಹೊಕ್ಕಿದ್ದು ಹೀಗೆ. ಇದಕ್ಕೂ ಮೊದಲಿನ ಕೋಳಿ ಜಗಳ ಇನ್ನೂ ಮಜವಾಗಿದೆ. ಅಮೆರಿಕದ ಅಗ್ಗದ ಕೋಳಿ ಮಾಂಸದ ಮೇಲೆ ಯುರೋಪಿನವರು ಸುಂಕ ಹೇರಿದರು. ಸೇಡಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಗಿನಿಂದ ಬರುವ ಲಘು ಟ್ರಕ್ಕುಗಳ ಮೇಲೆ ಶೇ. 25ರಷ್ಟು ಸುಂಕ ಹಾಕಿದರು. ಅದು ಜಾರಿಯಾದದ್ದು 1964ರಲ್ಲಿ. ಕೋಳಿ ಜಗಳ ಎಂದೋ ಮುಗಿಯಿತು, ಟ್ರಕ್ಕಿನ ಸುಂಕ ಉಳಿಯಿತು. ಹೊರಗಿನ ಚಿಕ್ಕ ಪಿಕಪ್‌ಗಳಿಗೆ ಬಾಗಿಲು ಹಾಕಿ ಒಳಗಿನ ದೊಡ್ಡವು ಬೆಳೆದವು. ಇವತ್ತು ಅಲ್ಲಿ ಮಾರಾಟವಾಗುವ ಐದು ಹೊಸ ಗಾಡಿಗಳಲ್ಲಿ ಸುಮಾರು ನಾಲ್ಕು ಎಸ್‌ಯುವಿ, ಪಿಕಪ್, ವ್ಯಾನ್ ಜಾತಿಯವು.

ಜಪಾನಿನವರು ಕತ್ತರಿ ಹಿಡಿದದ್ದು ತಿರುವುಮುರುವಾಗಿ. ಅಲ್ಲಿ 'ಕೇ' ಎಂಬ ಪುಟ್ಟ ಕಾರಿನ ವರ್ಗವಿದೆ: ಎಂಜಿನ್ 660 ಸಿಸಿ ಮೀರಬಾರದು, ಉದ್ದ 3.4 ಮೀಟರ್, ಅಗಲ 1.48 ಮೀಟರ್ ಒಳಗಿರಬೇಕು. ಹಳದಿ ನಂಬರ್ ಪ್ಲೇಟ್, ಕಡಿಮೆ ತೆರಿಗೆ. ಮಾರಾಟವಾಗುವ ಮೂರು ಕಾರಿನಲ್ಲಿ ಒಂದು ಇದೇ ಎನ್ನುವಷ್ಟು ಬಳಕೆ. ಜೊತೆಗೆ ಅಲ್ಲಿನ ಊರುಗಳಲ್ಲಿ ಕಾರು ಕೊಳ್ಳುವ ಮುನ್ನ ಅದನ್ನು ನಿಲ್ಲಿಸಲು ಸ್ವಂತ ಜಾಗವಿದೆ ಎಂದು ಪೊಲೀಸರಿಂದ ಪತ್ರ ತರಬೇಕು, 1962ರಿಂದ ಇರುವ ಕಾಯಿದೆ. ನಮ್ಮ ಖಡೇಬಜಾರಿನಲ್ಲೋ ಗಣಪತ್ ಗಲ್ಲಿಯಲ್ಲೋ ಶನಿವಾರ ಸಂಜೆ ಸಿಕ್ಕಿಹಾಕಿಕೊಂಡಾಗ ನನಗೆ ಈ ಕಾಯಿದೆ ತಪ್ಪದೆ ನೆನಪಾಗುತ್ತದೆ. ನಮ್ಮ ಮನೆಮನೆಯ ಮಾರುತಿ 800 ಬಂದದ್ದು ಇದೇ ಪುಟ್ಟ ಕಾರಿನ ವಂಶದಿಂದ. 1983ರ ಡಿಸೆಂಬರಿನಲ್ಲಿ ಮೊದಲ ಕಾರಿನ ಕೀಲಿ ಕೊಟ್ಟರು, ಎಂಜಿನ್ 796 ಸಿಸಿ.

ನಮ್ಮ ದೇಶದ ಕತ್ತರಿ ನೋಡಬೇಕೆಂದರೆ ಯಾವುದೇ ಶೋರೂಮಿಗೆ ಹೋಗಿ ಕಾಂಪ್ಯಾಕ್ಟ್ ಎಸ್‌ಯುವಿಯ ಅಳತೆ ಪಟ್ಟಿ ಕೇಳಿ. ಉದ್ದ ಎಂಬಲ್ಲಿ 3,995 ಮಿ.ಮೀ. ಎಂದಿರುತ್ತದೆ. ಪಕ್ಕದ ಕಂಪನಿಯದೂ 3,995. ಅದರ ಪಕ್ಕದ್ದೂ ಅಷ್ಟೇ. ಮೂರು ಕಂಪನಿಗಳ ಎಂಜಿನಿಯರುಗಳಿಗೆ ಒಂದೇ ಕನಸು ಬಿದ್ದದ್ದಲ್ಲ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, ಚಿಕ್ಕ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕ ಇಳಿಸಿದರು. ಅಂದಿನಿಂದ ಗೆರೆ ಅಲ್ಲೇ ನಿಂತಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗಲೂ ನಾಲ್ಕು ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದಿದ್ದರೆ ಶೇ. 18, ಮೀರಿದರೆ ಶೇ. 40. ನಿಮ್ಮ ಮಗ ಹೇಳುವ ದೊಡ್ಡ ಗಾಡಿ ಈ ಗೆರೆಯ ಆಚೆಗಿದೆ. ಅಂದರೆ ಪಂಪಿಗೆ ಹೋಗುವ ಮೊದಲೇ ಒಂದು ದೊಡ್ಡ ಮೊತ್ತ ತೆರಿಗೆಗೆ ಹೋಗಿರುತ್ತದೆ.

ಕೊಳ್ಳುವ ದಿನದ ತೆರಿಗೆಗೆ ಎಷ್ಟು ಬಲ ಎಂಬುದಕ್ಕೆ ನಾರ್ವೆ ಸಾಕ್ಷಿ. ಸಮುದ್ರದಿಂದ ತೈಲ ತೆಗೆದು ಜಗತ್ತಿಗೆ ಮಾರುವ ದೇಶ ಅದು. ಆದರೂ ತನ್ನ ಜನರಿಗೆ ಪೆಟ್ರೋಲ್ ತುಟ್ಟಿಯಾಗಿಯೇ ಇಟ್ಟಿದೆ, ಪೆಟ್ರೋಲ್ ಕಾರು ಕೊಳ್ಳುವವರ ಮೇಲೆ ಭಾರೀ ತೆರಿಗೆ ಹಾಕಿ ವಿದ್ಯುತ್ ಕಾರಿಗೆ ವರ್ಷಗಟ್ಟಲೆ ವಿನಾಯಿತಿ ಕೊಟ್ಟಿತು. 2024ರಲ್ಲಿ ಅಲ್ಲಿ ನೋಂದಣಿಯಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ವಿದ್ಯುತ್ತಿನವು. ಪಂಪಿನ ಬೆಲೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಅಮೆರಿಕ. 2008ರ ಬೇಸಿಗೆಯಲ್ಲಿ ಗ್ಯಾಲನ್ 4 ಡಾಲರ್ ದಾಟಿತು. ಜನರಲ್ ಮೋಟಾರ್ಸ್ ನಾಲ್ಕು ಟ್ರಕ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತು, 2010ರಲ್ಲಿ ಅದರ ದೈತ್ಯ ಗಾಡಿ ಹಮ್ಮರ್ ನಿಂತೇ ಹೋಯಿತು. ಬೆಲೆ ಇಳಿದದ್ದೇ ತಡ, ದೊಡ್ಡ ಗಾಡಿ ಮತ್ತೆ ಅಂಗಳಕ್ಕೆ ಬಂತು. 2022ರ ಜೂನ್‌ನಲ್ಲಿ ಸರಾಸರಿ ಬೆಲೆ ಮೊದಲ ಬಾರಿ 5 ಡಾಲರ್ ಮುಟ್ಟಿದಾಗ ಅದೇ ಗೋಳು ಇನ್ನೊಮ್ಮೆ.

ಇನ್ನು ನಿಮ್ಮ ಮನೆಗೆ ಬರೋಣ. ನಮ್ಮ ಕಡೆ ಗಾಡಿ ನೋಡಿದವರು ಬಣ್ಣ ಕೇಳುವ ಮೊದಲು ಕೇಳುವುದು "ಆವರೇಜ್ ಎಷ್ಟ ಕೊಡತೈತ್ರಿ?" ಒಳ್ಳೆಯ ಪ್ರಶ್ನೆಯೇ, ಆದರೆ ಈ ಅಂಕಿ ಕಣ್ಣಿಗೆ ಮಣ್ಣೆರಚುತ್ತದೆ. ನೀವು ಲೆಕ್ಕದ ಪಾಠ ಮಾಡಿದ್ದರೆ ಈ ಒಂದು ಲೆಕ್ಕ ನಿಮಗೇ ಬಿಡುತ್ತೇನೆ: ತಿಂಗಳಿಗೆ 500 ಕಿ.ಮೀ. ಓಡುವ ಬೈಕಿನ ಆವರೇಜ್ 50ರಿಂದ 60ಕ್ಕೆ ಏರಿತು. ಅಷ್ಟೇ ಓಡುವ ಕಾರಿನ ಆವರೇಜ್ 10ರಿಂದ 12ಕ್ಕೆ ಏರಿತು. ಯಾವುದರಲ್ಲಿ ಹೆಚ್ಚು ಉಳಿತಾಯ? ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಬೈಕ್ ಎನ್ನುತ್ತಾರೆ, ಹತ್ತು ಏರಿತಲ್ಲ! ಬೈಕ್ ಉಳಿಸುವುದು 1.7 ಲೀಟರ್. ಕಾರು ಉಳಿಸುವುದು 8.3 ಲೀಟರ್. ಐದು ಪಟ್ಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ಈ ಭ್ರಮೆಯನ್ನೇ ಪರೀಕ್ಷಿಸಿ ಬರೆದರು. ಅಲ್ಲಿನ ಜನರೂ ನಮ್ಮ ಹಾಗೆಯೇ ಜಾರಿಬಿದ್ದರು. ಯುರೋಪಿನಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುತ್ತಾರೆ, ಹಾಗೆ ಬರೆದರೆ ಮೋಸ ಕಡಿಮೆ. ನೀವೂ ಆವರೇಜ್ ಮಾತು ಬಿಟ್ಟು ತಿಂಗಳಿಗೆ ಎಷ್ಟು ಲೀಟರ್ ಎಂದು ಕೇಳಿಕೊಳ್ಳಿ.

ದೊಡ್ಡ ಪೆಟ್ರೋಲ್ ಎಸ್‌ಯುವಿ ಊರೊಳಗೆ ಲೀಟರಿಗೆ 10 ಕೊಟ್ಟರೆ ನಿಮ್ಮ 700 ಕಿಲೋಮೀಟರಿಗೆ 70 ಲೀಟರ್, ಬೈಕಿನ 9 ಸೇರಿ 79. ತಿಂಗಳಿಗೆ 8,100 ರೂಪಾಯಿ. "ಮೂರು ಸಾವಿರ ಜಾಸ್ತಿ, ಆಗಲಿ ಬಿಡು" ಎನ್ನಿಸಬಹುದು. ಆದರೆ ಹೊಸ ಗಾಡಿ ಬಂದ ಮೇಲೆ ಬೈಕಿನ ಕೆಲಸವೂ ಅದರ ಪಾಲಿಗೆ ಹೋಗುತ್ತದೆ. ನನ್ನ ಮನೆಯಲ್ಲಿ ಹಾಗೇ ಆಯಿತು. ಏಸಿ ತಣ್ಣಗಿರುತ್ತದೆ, ಹೊರಗೆ ಬಿಸಿಲು, "ಇಲ್ಲೇ ಹೋಗಿಬರೂಣು" ಎಂದು ಕೀಲಿ ಕೈಗೆ ಬರುತ್ತದೆ. ಬೈಕಿನ 500ರಲ್ಲಿ 300 ಕಿ.ಮೀ. ಹೀಗೆ ಕಾರಿಗೆ ಜಾರಿದರೆ ಒಟ್ಟು 104 ಲೀಟರ್, 10,700 ರೂಪಾಯಿ. ಈಗಿನದರ ಹತ್ತಿರ ಹತ್ತಿರ ಎರಡರಷ್ಟು. ಲೀಟರಿನ ಬೆಲೆ ಒಂದು ಪೈಸೆಯೂ ಏರಿಲ್ಲ ನೋಡಿ.

ನವನಗರದ ರಸ್ತೆಗಳೇ ಇದಕ್ಕೆ ಕುಮ್ಮಕ್ಕು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ದೊಡ್ಡ ಪಾಲು ಹೋಗಿ ಹೊಸ ಊರನ್ನು ಸೆಕ್ಟರ್ ಸೆಕ್ಟರಾಗಿ ಕಟ್ಟಿದರು. ಅಗಲ ರಸ್ತೆ, ನೇರ ತಿರುವು, ನಿಲ್ಲಿಸಲು ಜಾಗ. ಆದರೆ ಸಂತೆ, ನೆಂಟರು, ಹಳೆಯ ಅಂಗಡಿ ಎಂದು ಜೀವ ಇನ್ನೂ ಹಳೇ ಊರಿನ ಕಡೆ ಎಳೆಯುತ್ತದೆ. ಹಳೇ ಬಾಗಲಕೋಟೆಯಲ್ಲಿ ಐದು ನಿಮಿಷ ನಡೆದು ಮುಗಿಸುತ್ತಿದ್ದ ಕೆಲಸಕ್ಕೆ ಈಗ ಗಾಡಿ ಬೇಕು. ಅಮೆರಿಕದ ಕಥೆಯ ಚಿಕ್ಕ ನಕಲು ನಿಮ್ಮ ಊರಿನಲ್ಲೇ ಇದೆ. ಹಾಲೆಂಡಿನಲ್ಲಿ ಜನಸಂಖ್ಯೆಗಿಂತ ಸೈಕಲ್ ಹೆಚ್ಚು. ನವನಗರದ ರಸ್ತೆಗಳೂ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಏಪ್ರಿಲ್ ಮಧ್ಯಾಹ್ನ ಆ ಮಾತು ಹೇಳಿದರೆ ನೀವು ನನಗೆ ಬೆತ್ತ ತೋರಿಸುತ್ತೀರಿ, ಆದ್ದರಿಂದ ಬೆಳಿಗ್ಗೆಯ ಹಾಲು-ಪೇಪರಿಗೆ ಮಾತ್ರ ಹೇಳುತ್ತೇನೆ.

ಊರೊಳಗಿನ ಈ ಚಿಕ್ಕ ಸುತ್ತುಗಳೇ ಹೆಚ್ಚು ಕುಡಿಯುವುದು. ತಣ್ಣಗಿರುವ ಎಂಜಿನ್ ಮೊದಲ ಎರಡು ಮೂರು ಕಿ.ಮೀ. ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಅದು ಕಾಯುವಷ್ಟರಲ್ಲಿ ನೀವು ಇಳಿದು ಬಾಗಿಲು ಹಾಕಿರುತ್ತೀರಿ. ನನ್ನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಕಿಸೆ ಡೈರಿ ಇದೆ, ಪ್ರತಿ ಸಲ ಟಾಕಿ ಫುಲ್ ಮಾಡಿಸಿ ಕಿಲೋಮೀಟರ್, ಲೀಟರ್ ಬರೆಯುತ್ತೇನೆ. ಅದೇ ಕಾರು ಬೆಳಗಾವಿ ಪೇಟೆಯಲ್ಲಿ 12, ಹೆದ್ದಾರಿಯಲ್ಲಿ 18. ಒಂದು ಸಲ ಹೆದ್ದಾರಿಯಲ್ಲೇ 14ಕ್ಕೆ ಬಿದ್ದಿತ್ತು. ಹುಡುಕಿದರೆ ವಿಜಯಪುರದಿಂದ ಸೊಲ್ಲಾಪುರಕ್ಕೆ ನಾಲ್ಕು ಪಥದ ರಸ್ತೆಯಲ್ಲಿ ಮಗಳು 110ರಲ್ಲಿ ಓಡಿಸಿದ್ದಳು. ಗಾಳಿಯ ಎದುರೊತ್ತು ವೇಗದ ವರ್ಗದಷ್ಟು ಏರುತ್ತದೆ, 80ರ ಬದಲು 110 ಎಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಎತ್ತರದ, ಅಗಲ ಮೂತಿಯ ಎಸ್‌ಯುವಿಗೆ ಈ ದಂಡ ಇನ್ನೂ ಜಾಸ್ತಿ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಬರುವ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಈ ಚಿಂತೆಯೇ ಇಲ್ಲ. ಎರಡು ಟ್ರೇಲರ್ ಎಳೆದುಕೊಂಡು ಹಾಡು ಹಾಕಿಕೊಂಡು ಹೊರಟ ಟ್ರ್ಯಾಕ್ಟರಿನವನು ಎಲ್ಲರನ್ನೂ ಮಿತವ್ಯಯಿಗಳನ್ನಾಗಿ ಮಾಡುತ್ತಾನೆ.

ಕಬ್ಬು ಎಂದ ಮೇಲೆ ಎಥೆನಾಲ್. ಹೌದು, ಆವರೇಜ್ ಸ್ವಲ್ಪ ಬೀಳುತ್ತದೆ. ನಮ್ಮ ಮುಧೋಳ, ಜಮಖಂಡಿ, ಗೋಕಾಕ ಕಡೆಯ ಕಬ್ಬೇ ಕಾರ್ಖಾನೆಗೆ ಹೋಗಿ ತಿರುಗಿ ಪಂಪಿಗೆ ಬರುತ್ತಿದೆ ಎಂಬ ಅಭಿಮಾನ ಒಂದು ಕಡೆ ಇರಲಿ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ನೂರಕ್ಕೆ 20 ಬೆರೆಸಿದಾಗ ಶಕ್ತಿಯಲ್ಲಿ ಆರೇಳು ಪಾಲು ಕೊರತೆ. ಅದಕ್ಕೆ ಹೊಂದಿಸಿ ಕಟ್ಟಿದ ಎಂಜಿನ್ ಇದರಲ್ಲಿ ಒಂದಿಷ್ಟನ್ನು ತುಂಬಿಕೊಡುತ್ತದೆ, ನಿಮ್ಮ 2011ರ ಕಾರು ತುಂಬಿಕೊಡುವುದಿಲ್ಲ. 16 ಕೊಡುತ್ತಿದ್ದದ್ದು 15 ಆದರೆ ಗಾಬರಿ ಬೇಡ, 12 ಆದರೆ ದೋಷ ಬೇರೆ ಕಡೆ ಇದೆ. ಹಳೇ ಕಾರಿನ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಸರ್ವಿಸಿನಲ್ಲಿ ತಪ್ಪದೆ ನೋಡಿಸಿ, ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ. ಬ್ರೆಜಿಲಿನವರು 1975ರಿಂದ ಕಬ್ಬಿನ ಇಂಧನ ಹಾಕುತ್ತಿದ್ದಾರೆ, 2003ರಿಂದ ಎರಡೂ ಕುಡಿಯುವ ಕಾರುಗಳಿವೆ. ಪಂಪಿನ ಮುಂದೆ ಅವರದು ಬಾಯಿಲೆಕ್ಕ: ಎಥೆನಾಲ್ ಬೆಲೆ ಪೆಟ್ರೋಲಿನ ನೂರಕ್ಕೆ 70ರ ಒಳಗಿದ್ದರೆ ಅದನ್ನು ಹಾಕಿಸು, ಮೀರಿದರೆ ಪೆಟ್ರೋಲ್. ನಮಗೆ ಇನ್ನೂ ಆ ಆಯ್ಕೆ ಇಲ್ಲ, ಬೆರೆಸಿದ್ದನ್ನು ಪೆಟ್ರೋಲ್ ಬೆಲೆಗೇ ಕೊಳ್ಳುತ್ತೇವೆ. ಈ ವಿಷಯದಲ್ಲಿ ಜನರ ಸಿಟ್ಟು ನನಗೆ ತಪ್ಪೆನಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಗನ ರೊಕ್ಕ ಬೇಡ ಎನ್ನಬೇಡಿ, ಪ್ರೀತಿಯಿಂದ ಕೊಡುತ್ತಿದ್ದಾನೆ. ಹದಿನಾಲ್ಕು ವರ್ಷ ದಾಟಿದ ಕಾರು ಬದಲಿಸುವುದೂ ಸರಿ, ಏರ್‌ಬ್ಯಾಗ್ ಇರುವ ಗಾಡಿಗೆ ಹೋದರೆ ನಿಮ್ಮ ವಯಸ್ಸಿಗೆ ಒಳ್ಳೆಯದು. ಆದರೆ ನಾಲ್ಕು ಮೀಟರ್ ಗೆರೆಯೊಳಗೇ ಇರಿ. ಮಂಡಿನೋವಿಗೆ ಎತ್ತರದ ಸೀಟು ಬೇಕೆಂದರೆ ಆ 3,995 ಮಿ.ಮೀ. ಗಾಡಿಗಳಲ್ಲೇ ಸಿಗುತ್ತದೆ, ಹೆದ್ದಾರಿಯಲ್ಲಿ 17-18 ಕೊಡುತ್ತವೆ. ಡೀಸೆಲ್ ಬಗ್ಗೆ ಯಾರಾದರೂ "ಪುಕ್ಕಟ ಓಡಿದಂಗ" ಎಂದರೆ ನನ್ನ ಕಡೆ ಕಳಿಸಿ. ತಿಂಗಳಿಗೆ 700 ಕಿಲೋಮೀಟರಿಗೆ ಅದರ ಹೆಚ್ಚಿನ ಬೆಲೆ ಹುಟ್ಟುವುದಿಲ್ಲ.

ಬೈಕಿನ ಜಾಗಕ್ಕೆ ವಿದ್ಯುತ್ ಸ್ಕೂಟರ್ ತಂದರೆ ಇನ್ನೂ ಜಾಣತನ. ನವನಗರ, ವಿದ್ಯಾಗಿರಿ, ಹಳೇ ಊರಿನ ಸುತ್ತಾಟವೇ ಅದರ ಕೆಲಸ. ಒಂದು ಯೂನಿಟ್ ಕರೆಂಟಿಗೆ ಸುಮಾರು 30 ಕಿ.ಮೀ. ಓಡುತ್ತದೆ, 500 ಕಿಲೋಮೀಟರಿಗೆ 17 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ನೂರು ರೂಪಾಯಿ, ಈಗ ಬೈಕಿಗೆ 930 ಸುಡುತ್ತಿದ್ದೀರಿ. ಮನೆಯ ಹೆಣ್ಣುಮಕ್ಕಳಿಗೆ ವಿಜಯಪುರಕ್ಕೋ ಬೆಳಗಾವಿಗೋ ಹೋಗಬೇಕಾದರೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆ ಇದೆಯಲ್ಲ. ನನ್ನ ಹೆಂಡತಿ ನಮ್ಮ ಕಾರಿಗಿಂತ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲೇ ಓಡಾಡಿದ್ದಾಳೆ, ಕಿಟಕಿ ಸೀಟು ಸಿಗದ ದಿನ ಮಾತ್ರ ನನ್ನ ಮೇಲೆ ಸಿಟ್ಟು.

ಇನ್ನು ವರ್ಷಕ್ಕೆ ನಾಲ್ಕು ಸಲ ಬೀಗರು, ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರಿ ಬನಶಂಕರಿ ಜಾತ್ರೆಗೋ ತುಳಜಾಪುರಕ್ಕೋ ಹೋಗುವ ಮಾತು. ಅದಕ್ಕೆ ನಮ್ಮ ಹಿರಿಯರು ದಾರಿ ಹುಡುಕಿಯೇ ಇದ್ದಾರೆ, ಒಂದು ಕ್ರೂಸರ್ ಮಾಡಿಕೊಂಡು ಹೋಗುವುದು. ಹನ್ನೆರಡು ಮಂದಿ, ಮೇಲೆ ಚೀಲ, ಬುತ್ತಿಯ ಗಂಟು. ಲೀಟರಿಗೆ ಹತ್ತೇ ಕೊಡಲಿ, ಹನ್ನೆರಡು ಜನರಿಗೆ ಹಂಚಿದರೆ ತಲಾ ಲೆಕ್ಕದಲ್ಲಿ ಒಬ್ಬರೇ ಓಡಿಸುವ ಯಾವ ಬೈಕೂ ಅದರ ಮುಂದೆ ನಿಲ್ಲುವುದಿಲ್ಲ. ನಾಲ್ಕು ದಿನದ ಬಾಡಿಗೆ ತಪ್ಪಿಸಲು 361 ದಿನ ಖಾಲಿ ಸೀಟು ಹೊತ್ತು ತಿರುಗಿದವನು ನಾನು. ನೀವು ಆ ತಪ್ಪು ಮಾಡುವ ಅಗತ್ಯವಿಲ್ಲ.

ಶೋರೂಮಿಗೆ ಹೋಗುವ ಮುನ್ನ ಮೂರು ತಿಂಗಳು ಒಂದು ಡೈರಿ ಇಡಿ. ಟಾಕಿ ಫುಲ್‌ನಿಂದ ಟಾಕಿ ಫುಲ್‌ಗೆ ಬರೆಯಿರಿ, ಪ್ರತಿ ಸಲ ಗಾಡಿಯಲ್ಲಿ ಎಷ್ಟು ಜನ ಕೂತಿದ್ದಿರಿ ಎಂಬುದನ್ನೂ ಪಕ್ಕದಲ್ಲಿ ಹಾಕಿ. ಆ ಹಾಳೆಯ ಫೋಟೋ ತೆಗೆದು ಮಗನಿಗೆ ಕಳಿಸಿ, ಅವನದೂ ಕೇಳಿ. ಎರಡೂ ಸಿಕ್ಕ ಮೇಲೆ ನನಗೆ ಬರೆದರೆ ಯಾವ ಮಾಡೆಲ್ ಎಂಬ ಮಾತಿಗೆ ಕೂಡೋಣ.